ಗುಂಪೋ, ಕ್ಲಬ್‌ಹೌಸೋ, ಒಬ್ಬ ಜೊತೆಗಾರನೋ? ಪೀರ್ ಸಪೋರ್ಟ್ ಆರಿಸುವ ಮುನ್ನ

"ಡಿಸ್ಚಾರ್ಜ್ ಆಗಿ ಎರಡು ತಿಂಗಳಾಯ್ತು. ಮಾತ್ರೆ ತಪ್ಪಿಸಿಲ್ಲ. ಯಾವುದಾದರೂ ಸಪೋರ್ಟ್ ಗ್ರೂಪ್ ಸೇರಿಕೊಳ್ಳಿ ಅಂತ ಡಾಕ್ಟರು ಹೇಳಿದರು. ಹುಡುಕಿದರೆ ಹತ್ತು ತರಹದ್ದು ಕಾಣುತ್ತಿದೆ. ಯಾವುದಕ್ಕೆ ಹೋಗಲಿ?"

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕೇಳುವವರಲ್ಲಿ ಮಾನಸಿಕ ಕಾಯಿಲೆಯಿಂದ ಎದ್ದು ಬರುತ್ತಿರುವವರೂ ಇದ್ದಾರೆ, ಅವರ ಅಕ್ಕ ತಮ್ಮಂದಿರೂ ಇದ್ದಾರೆ. ನನಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ಮಿತಿಮೀರಿ ಏರುವ, ಒಮ್ಮೆ ಕುಸಿಯುವ ಕಾಯಿಲೆ. ಎರಡು ಸಲ ವಾರ್ಡಿನಲ್ಲಿದ್ದು ಬಂದಿದ್ದೇನೆ. ಆಮೇಲೆ ಗುಂಪುಗಳಿಗೆ ಹೋಗಿದ್ದೇನೆ, ಬಿಟ್ಟಿದ್ದೇನೆ, ಮತ್ತೆ ಹೋಗಿದ್ದೇನೆ. ಕೆಳಗಿರುವುದನ್ನು ಡಾಕ್ಟರ ಸಲಹೆ ಅಂದುಕೊಳ್ಳಬೇಡಿ. ಆ ಕುರ್ಚಿಯಲ್ಲಿ ಕೂತು ಎದ್ದವರ ಲೆಕ್ಕಾಚಾರ ಅಷ್ಟೇ.

ಪೀರ್ ಸಪೋರ್ಟ್ ಅನ್ನುವುದನ್ನು ಕೆಲವರು "ಸಮಾನಾನುಭವಿಗಳ ಬೆಂಬಲ" ಅಂತ ಬರೆಯುತ್ತಾರೆ. ಬಾಯಲ್ಲಿ ಯಾರೂ ಹಾಗನ್ನುವುದಿಲ್ಲ ಬಿಡಿ. ಅದೇ ಕಾಯಿಲೆ, ಅದೇ ವಾರ್ಡು, ಅದೇ ಮಾತ್ರೆಯ ಮಂಪರು ಕಂಡವರು ಇನ್ನೊಬ್ಬರ ಪಕ್ಕ ಬಂದು ಕೂರುವುದು, ಅಷ್ಟು. ಇದೇನೂ ಹೊಸದಲ್ಲ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯ ಮೇಲ್ವಿಚಾರಕನಾಗಿದ್ದ ಪ್ಯುಸಾಂ ಎಂಬಾತ ಗುಣವಾಗುತ್ತಿದ್ದ ರೋಗಿಗಳನ್ನೇ ಆರಿಸಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ. ಅವರು ಬೇರೆ ರೋಗಿಗಳ ಮೇಲೆ ಕೈ ಎತ್ತುವುದು ಕಡಿಮೆ ಎಂದು ಅವನಿಗೆ ಗೊತ್ತಿತ್ತು. ಅವನೂ ಒಂದು ಕಾಲಕ್ಕೆ ಅದೇ ಆಸ್ಪತ್ರೆಯಲ್ಲಿ ಮಲಗಿ ಎದ್ದವನೇ.

ಮೊದಲು ಅಳತೆಗೋಲು

ಎಲ್ಲರೂ ಕೇಳುವುದು "ಯಾವುದು ಒಳ್ಳೆಯದು?" ಎಂದು. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ದಿನದ ಯಾವ ಹೊತ್ತು ಕಳೆಯುವುದು ಕಷ್ಟ?

ಬೆಳಗ್ಗೆ ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ಗೋಡೆ ನೋಡುತ್ತಾ ಕೂರುವುದು ಒಂದು ಕಷ್ಟ. ರಾತ್ರಿ ಎರಡಕ್ಕೆ ಎಚ್ಚರವಾಗಿ ಒಬ್ಬರೇ ಹೊರಳಾಡುವುದು ಇನ್ನೊಂದು. ಹಗಲೆಲ್ಲ ಆಫೀಸಿನಲ್ಲಿ ನಗುನಗುತ್ತಾ ಇದ್ದು, ಒಳಗಿರುವುದನ್ನು ಒಬ್ಬರಿಗೂ ಹೇಳಲಾಗದೆ ಒದ್ದಾಡುವುದು ಮತ್ತೊಂದು. ವಾರಕ್ಕೊಮ್ಮೆ ಎರಡು ಗಂಟೆ ಸೇರುವ ಗುಂಪು ಈ ಮೂರನೆಯವರಿಗೆ ಸರಿಹೋಗುತ್ತದೆ. ಮೊದಲನೆಯವರಿಗೆ ವಾರದ ಮಿಕ್ಕ 166 ಗಂಟೆ ಹಾಗೇ ಬಿದ್ದಿರುತ್ತದೆ. ಹೆಸರುವಾಸಿ ಗುಂಪಿಗೆ ಹೋಗಿಯೂ "ನನಗೇನೂ ಉಪಯೋಗ ಆಗಲಿಲ್ಲ" ಅನ್ನುವವರನ್ನು ತುಂಬಾ ನೋಡಿದ್ದೇನೆ. ಗುಂಪು ಚೆನ್ನಾಗಿಯೇ ಇರುತ್ತದೆ, ಇವರ ಕಷ್ಟದ ಹೊತ್ತೇ ಬೇರೆ.

ಎರಡನೆಯದು ಮಾತು. ನೀವು ಎಷ್ಟು ಮಾತಾಡಬಲ್ಲಿರಿ? ನಾನು ಮೊದಲು ಸೇರಿದ ಗುಂಪಿನಲ್ಲಿ ಒಬ್ಬರು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ತೊಡೆಯ ಮೇಲೆ ಹೆಲ್ಮೆಟ್, ಎರಡೂ ಕೈ ಅದರ ಮೇಲೆ. ಯಾವ ಕ್ಷಣದಲ್ಲಾದರೂ ಎದ್ದು ಹೋಗುವ ತಯಾರಿ. ನಾಲ್ಕು ವಾರ ಒಂದು ಮಾತಾಡಲಿಲ್ಲ. ಅವರ ಸರದಿ ಬಂದಾಗ ತಲೆ ಅಲ್ಲಾಡಿಸುತ್ತಿದ್ದರು, ಮಾತು ಮುಂದಿನವರಿಗೆ ದಾಟುತ್ತಿತ್ತು. ಹೆಲ್ಮೆಟ್ ಕೆಳಗಿಡಿ ಅಂತ ಯಾರೂ ಹೇಳಲಿಲ್ಲ. ಐದನೇ ವಾರ ಅದು ಕುರ್ಚಿಯ ಕೆಳಗೆ ಹೋಗಿತ್ತು. ಅವತ್ತೂ ಅವರು ಮಾತಾಡಲಿಲ್ಲ. ಸುಮ್ಮನಿರಲು ಬಿಡುವ ಜಾಗ ಬೇಕೋ, ಬಾಯಿ ಬಿಡಿಸುವ ಜಾಗ ಬೇಕೋ ಎಂದು ಮೊದಲೇ ಯೋಚಿಸಿಕೊಳ್ಳಿ.

ಮೂರನೆಯದು, ನಡೆಸುವವರು ಯಾರು? ಕಾಯಿಲೆ ಅನುಭವಿಸಿದವರೇ ನಡೆಸುವುದು ಬೇರೆ, ಆಸ್ಪತ್ರೆ ನಡೆಸಿ ನಮ್ಮಂಥವರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಸಲಿಗೆ ಜಾಸ್ತಿ, ಶಿಸ್ತು ಕಡಿಮೆ. ಎರಡನೆಯದರಲ್ಲಿ ತಿರುಗುಮುರುಗು.

ನಾಲ್ಕನೆಯದು ಔಷಧಿಯ ಬಗ್ಗೆ ಅವರ ನಿಲುವು. "ನಿಮ್ಮ ಮಾತ್ರೆ, ನೀವು ಮತ್ತು ನಿಮ್ಮ ಡಾಕ್ಟರು ನಿರ್ಧರಿಸಿ" ಎನ್ನುವ ಗುಂಪು ಸರಿಯಾದದ್ದು. ಮಾತ್ರೆಯ ಅಡ್ಡ ಪರಿಣಾಮದ ಬಗ್ಗೆ ಗೊಣಗಲು ಅಲ್ಲಿ ಜಾಗ ಇರಬೇಕು. ದಪ್ಪ ಆಗಿದ್ದು, ಕೈ ನಡುಗುವುದು, ಬೆಳಗ್ಗೆ ಏಳಲಾಗದ್ದು, ಇವನ್ನೆಲ್ಲ ಅಲ್ಲದೆ ಇನ್ನೆಲ್ಲಿ ಹೇಳೋದು, ಅಲ್ವಾ? ಆದರೆ ನಿಲ್ಲಿಸು ಅಂತಲೋ, ನುಂಗಲೇಬೇಕು ಅಂತಲೋ ಒತ್ತಡ ಹಾಕಿದರೆ ಎದ್ದು ಬನ್ನಿ. ಹಲವು ಔಷಧಿಗಳನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ನಾನು ಹೋಗುತ್ತಿದ್ದ ಒಂದು ಗುಂಪಿನ ಮುಂದಾಳು ವಾರವಾರವೂ ತಾನು ಮಾತ್ರೆ ಬಿಟ್ಟ ಕತೆ ಹೇಳುತ್ತಿದ್ದರು. ಬಿಡಿ ಅಂತ ಯಾರಿಗೂ ನೇರವಾಗಿ ಹೇಳಲಿಲ್ಲ. ಆದರೂ ಮೂರು ತಿಂಗಳಲ್ಲಿ ಇಬ್ಬರು ಬಿಟ್ಟರು. ಒಬ್ಬರು ಮತ್ತೆ ವಾರ್ಡಿಗೆ ಹೋದರು.

ಐದನೆಯದು ಗುಟ್ಟು. ನೀವು ಹೇಳಿದ್ದು ಎಲ್ಲಿಗೆ ಹೋಗುತ್ತದೆ? ಕೊನೆಯದು ಖರ್ಚು. ಸ್ವಸಹಾಯ ಗುಂಪುಗಳು ಸಾಮಾನ್ಯವಾಗಿ ಶುಲ್ಕ ಕೇಳುವುದಿಲ್ಲ. ಆದರೆ ಹೋಗಿ ಬರುವ ಹಣ, ಅರ್ಧ ದಿನದ ರಜೆ, ಮೈಯಲ್ಲಿರುವ ಸ್ವಲ್ಪ ಶಕ್ತಿ, ಇವೂ ಖರ್ಚೇ. ಚೇತರಿಕೆಯ ಶುರುವಿನಲ್ಲಿ ದುಡ್ಡಿಗಿಂತ ಶಕ್ತಿಯೇ ಬೇಗ ಖಾಲಿಯಾಗುತ್ತದೆ.

ವಾರಕ್ಕೊಮ್ಮೆ ಸೇರುವ ಸ್ವಸಹಾಯ ಗುಂಪು

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇದೇ. ಇದರಲ್ಲೂ ಎರಡು ಜಾತಿ.

ಒಂದರಲ್ಲಿ ಕಟ್ಟುಪಾಡು ಜಾಸ್ತಿ. 1937ರಲ್ಲಿ ಶಿಕಾಗೋದ ಮನೋವೈದ್ಯ ಏಬ್ರಹಾಂ ಲೋ ಶುರು ಮಾಡಿದ ಗುಂಪುಗಳು ಇಂಥವು. ರಿಕವರಿ ಇಂಟರ್‌ನ್ಯಾಷನಲ್ ಎನ್ನುವ ಹೆಸರಲ್ಲಿ ಇವತ್ತಿಗೂ ನಡೆಯುತ್ತಿವೆ, ಸದಸ್ಯರೇ ನಡೆಸುತ್ತಾರೆ. ಅಲ್ಲಿ ನೀವು ಬದುಕಿನ ದೊಡ್ಡ ದುಃಖವನ್ನು ಬಿಚ್ಚುವುದಿಲ್ಲ. ಆ ವಾರ ನಡೆದ ಒಂದು ಚಿಕ್ಕ ಸಂಗತಿಯನ್ನು ಹೇಳುತ್ತೀರಿ. ಯಾರೋ ಫೋನ್ ಎತ್ತಲಿಲ್ಲ, ಎದೆ ಡವಡವ ಅಂತು, ಏನೇನೋ ಯೋಚನೆ ಬಂತು, ಆಗ ನಾನು ಹೀಗೆ ಮಾಡಿದೆ, ಮೊದಲಾಗಿದ್ದರೆ ಹೀಗೆ ಮಾಡುತ್ತಿದ್ದೆ. ಈ ಕ್ರಮದಲ್ಲೇ ಹೇಳಬೇಕು. ಕೇಳಲು ಯಾಂತ್ರಿಕ ಅನಿಸುತ್ತದೆ. ನನಗೂ ಮೊದಲು ನಗು ಬಂದಿತ್ತು. ಆದರೆ ತಲೆ ಗಿರ್ರೆನ್ನುವ ದಿನಗಳಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಇದ್ದಂತೆ. 1957ರಲ್ಲಿ ಸಿಡ್ನಿಯಲ್ಲಿ ಹಿಂದೆ ರೋಗಿಗಳಾಗಿದ್ದವರೇ ಕಟ್ಟಿದ ಗ್ರೋ ಎಂಬ ಗುಂಪೂ ಹೀಗೇ ಹೆಜ್ಜೆ ಹೆಜ್ಜೆಯಾಗಿ ನಡೆಯುವಂಥದ್ದು. ಕುಡಿತ ಬಿಡುವವರ ಹನ್ನೆರಡು ಹೆಜ್ಜೆಯ ದಾರಿ ಗೊತ್ತಿರುವವರಿಗೆ ಅದರ ಧಾಟಿ ಪರಿಚಿತ ಅನಿಸುತ್ತದೆ. "ನನಗಿಂತ ದೊಡ್ಡ ಶಕ್ತಿ" ಎಂಬಂಥ ಮಾತು ಹಿಡಿಸದವರಿಗೆ ಹನ್ನೆರಡು ಹೆಜ್ಜೆಯ ಗುಂಪುಗಳಲ್ಲಿ ಇರುಸುಮುರುಸು ಆಗಬಹುದು.

ಇನ್ನೊಂದು ಜಾತಿ ಬಿಡುಬೀಸಾಗಿ ಮಾತಾಡುವ ಗುಂಪು. ವೃತ್ತಾಕಾರದಲ್ಲಿ ಕುರ್ಚಿ, ಮಾತುಕತೆ ನಡೆಸಿಕೊಡುವ ಒಬ್ಬರು ಫೆಸಿಲಿಟೇಟರ್, ಬೇಕಾದವರು ಮಾತಾಡುವುದು. ಆತ್ಮೀಯತೆ ಇಲ್ಲಿ ಜಾಸ್ತಿ. ಅಪಾಯವೂ ಜಾಸ್ತಿ. ಒಬ್ಬರೇ ಮುಕ್ಕಾಲು ಗಂಟೆ ಮಾತಾಡಿದರೆ ತಡೆಯುವವರು ಬೇಕು. ಒಬ್ಬರ ಕತೆ ಕೇಳಿ ಇನ್ನೊಬ್ಬರು ಕುಸಿದರೆ ಪಕ್ಕಕ್ಕೆ ಕರೆದೊಯ್ಯುವವರು ಬೇಕು. ಗುಂಪು ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಬಹುಪಾಲು ಆ ಫೆಸಿಲಿಟೇಟರ್ ಮೇಲೆ ನಿಂತಿದೆ. ಅವರಿಗೆ ತರಬೇತಿ ಆಗಿದೆಯಾ, ಅವರಿಗೇ ಹುಷಾರಿಲ್ಲದಾಗ ಯಾರು ನಡೆಸುತ್ತಾರೆ ಎಂದು ಕೇಳಿ. ಈ ಎರಡನೇ ಪ್ರಶ್ನೆಗೆ ತಡವರಿಸಿದರೆ ಗುಂಪು ಒಬ್ಬರ ಹೆಗಲ ಮೇಲೆ ನಿಂತಿದೆ ಎಂದು ತಿಳಿಯಿರಿ.

ಕೆಲಸಕ್ಕೆ ಹೋಗುತ್ತಿರುವವರು, ಖರ್ಚು ಮಾಡಲಾಗದವರು, "ನನ್ನೊಬ್ಬನಿಗೇ ಹೀಗಾ?" ಎಂಬ ಒಂಟಿತನ ಕಾಡುವವರು ಇಲ್ಲಿಂದ ಶುರು ಮಾಡಬಹುದು. ಮೊನ್ನೆ ಮೊನ್ನೆ ವಾರ್ಡಿನಿಂದ ಬಂದವರು ಸ್ವಲ್ಪ ತಡೆಯಿರಿ. ಎಂಟು ಜನರ ಎಂಟು ನೋವನ್ನು ಕೇಳಿಸಿಕೊಂಡು ಮನೆಗೆ ಹೋಗಿ ನಿದ್ದೆ ಮಾಡುವಷ್ಟು ಗಟ್ಟಿ ಆಗಿರಬೇಕು.

ದನಿ ಕೇಳಿಸುವವರ ಗುಂಪು

ಬೇರೆ ಯಾರಿಗೂ ಕೇಳಿಸದ ದನಿಗಳು ಕೇಳಿಸುವವರ ಗುಂಪು ಇದು, ಎಲ್ಲರಿಗಲ್ಲ. ಯಾರಿಗೆ ಬೇಕೋ ಅವರಿಗೆ ಬೇರೆಲ್ಲೂ ಸಿಗದು. ನೆದರ್ಲೆಂಡ್ಸಿನ ಮನೋವೈದ್ಯ ಮಾರಿಯಸ್ ರೋಮ್ ಅವರಿಗೆ ಪ್ಯಾಟ್ಸಿ ಹೇಗ್ ಎಂಬ ರೋಗಿ ಇದ್ದರು. ನನಗೆ ಕೇಳುವ ದನಿಗಳನ್ನು ನೀವು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ ಎನ್ನುವುದು ಆಕೆಯ ತಕರಾರು. ಇಬ್ಬರೂ ಟೀವಿಯಲ್ಲಿ ಕಾಣಿಸಿಕೊಂಡು, ದನಿ ಕೇಳಿಸುವವರು ಫೋನ್ ಮಾಡಿ ಎಂದರು. ನೂರಾರು ಜನ ಮಾಡಿದರು. ಡಾಕ್ಟರ ಹತ್ತಿರ ಹೋಗದೆಯೇ ದನಿಗಳೊಂದಿಗೆ ಬದುಕು ಸಾಗಿಸುತ್ತಿದ್ದವರೂ ಅವರಲ್ಲಿದ್ದರು. 1987ರ ಹೊತ್ತಿಗೆ ಶುರುವಾದ ಈ ಗುಂಪುಗಳು ಈಗ ಹಲವು ದೇಶಗಳಲ್ಲಿವೆ.

ಅಲ್ಲಿ "ಅದು ಭ್ರಮೆ" ಅಂತ ಯಾರೂ ತಿದ್ದುವುದಿಲ್ಲ. ದನಿ ಯಾವಾಗ ಬರುತ್ತೆ, ಯಾರ ದನಿ, ಏನು ಮಾಡಿದರೆ ತಗ್ಗುತ್ತೆ ಎಂದು ಮಾತಾಡುತ್ತಾರೆ. ಮಾತ್ರೆ ತೆಗೆದುಕೊಂಡರೂ ದನಿ ಪೂರ್ತಿ ನಿಲ್ಲದವರಿಗೆ ಇದು ದೊಡ್ಡ ನೆಮ್ಮದಿ. ಕಾಯಿಲೆ ಎಂದು ಒಪ್ಪಿಕೊಂಡದ್ದೇ ನೆಲೆ ಕೊಟ್ಟಿದ್ದರೆ, ಹತ್ತು ಜನ ಹತ್ತು ವಿವರಣೆ ಕೊಡುವ ಈ ಜಾಗ ಗಲಿಬಿಲಿ ಮಾಡಬಹುದು. ದನಿಗಳು ನಿಮ್ಮನ್ನು ಅಥವಾ ಬೇರೆಯವರನ್ನು ನೋಯಿಸು ಎಂದು ಹೇಳುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಗುಂಪು ಆಮೇಲೆ.

ಕ್ಲಬ್‌ಹೌಸ್

ಬೆಳಗ್ಗೆ ಹತ್ತರ ಗೋಡೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ನೋಡಿಲ್ಲ.

1940ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಸರ್ಕಾರಿ ಮಾನಸಿಕ ಆಸ್ಪತ್ರೆಯಿಂದ ಹೊರಬಂದ ಕೆಲವರು "ನಾವು ಒಂಟಿಯಲ್ಲ" ಎಂಬ ಹೆಸರಿಟ್ಟುಕೊಂಡು ಸೇರತೊಡಗಿದರು. 1948ರಲ್ಲಿ ಅವರಿಗೊಂದು ಮನೆ ಸಿಕ್ಕಿತು. ಹಿತ್ತಲಲ್ಲಿ ಒಂದು ಕಾರಂಜಿ ಇತ್ತು. ಅದಕ್ಕೇ ಫೌಂಟನ್ ಹೌಸ್ ಅಂತ ಹೆಸರಾಯಿತು. ಆ ಮಾದರಿ ಈಗ 30ಕ್ಕೂ ಹೆಚ್ಚು ದೇಶಗಳಲ್ಲಿದೆ.

ಅಲ್ಲಿ ಯಾರೂ ರೋಗಿ ಅಲ್ಲ, ಎಲ್ಲರೂ ಸದಸ್ಯರು. ಚಿಕಿತ್ಸೆ ನಡೆಯುವುದಿಲ್ಲ, ಔಷಧಿ ಕೊಡುವುದಿಲ್ಲ. ಕೆಲಸದ ದಿನದ ಹಾಗೆ ಬೆಳಗ್ಗೆ ಹೋಗುವುದು, ಅಡುಗೆಮನೆ, ಲೆಕ್ಕಪತ್ರ, ಫೋನ್, ಸುದ್ದಿಪತ್ರ, ತೋಟ, ಏನಾದರೊಂದಕ್ಕೆ ಕೈ ಹಾಕುವುದು. ಸಿಬ್ಬಂದಿ ಬೇಕೆಂದೇ ಕಡಿಮೆ ಇರುತ್ತಾರೆ. ಸದಸ್ಯರು ಕೈ ಹಚ್ಚದಿದ್ದರೆ ಊಟ ಆಗುವುದಿಲ್ಲ. ಇದನ್ನು ಮೊದಲ ಸಲ ಕೇಳಿದಾಗ "ಬಿಟ್ಟಿ ಕೆಲಸ ಮಾಡಿಸ್ಕೊಳ್ತಾರೆ" ಅಂದುಕೊಂಡಿದ್ದೆ. ಅಲ್ಲಿಗೆ ಹೋಗುವ ಗೆಳತಿಯೊಬ್ಬಳು ತಿದ್ದಿದಳು. ಅವಳು ಒಂದು ವಾರ ಹೋಗಿರಲಿಲ್ಲ. ಅಲ್ಲಿಂದ ಫೋನ್ ಬಂತು: "ತಿಂಗಳ ಪಟ್ಟಿ ನೀನೇ ಟೈಪ್ ಮಾಡ್ತಿದ್ದೆ, ಫೈಲ್ ಎಲ್ಲಿಟ್ಟಿದೀಯ?" ಕಾಯಿಲೆ ಬಂದ ಮೇಲೆ ಯಾರಾದರೂ ಹುಷಾರಾಗಿದ್ದೀಯಾ ಅಂತ ಕೇಳದೆ ಫೈಲ್ ಕೇಳಿದ್ದು ಅದೇ ಮೊದಲು ಅಂತ ಅವಳು ನಕ್ಕಳು.

ಹೊರಗಿನ ಕೆಲಸಕ್ಕೆ ಮರಳುವ ದಾರಿಯೂ ಇದೆ. ಕ್ಲಬ್‌ಹೌಸ್ ಒಂದು ಕಂಪನಿಯ ಜೊತೆ ಮಾತಾಡಿ ಅರೆಕಾಲಿಕ ಜಾಗ ಹಿಡಿದಿರುತ್ತದೆ. ಸಾಮಾನ್ಯವಾಗಿ ವಾರಕ್ಕೆ 15ರಿಂದ 20 ಗಂಟೆ, ಆರರಿಂದ ಒಂಬತ್ತು ತಿಂಗಳು. ನಿಜವಾದ ಸಂಬಳ ಬರುತ್ತದೆ. ನೀವು ಒಂದು ದಿನ ಹೋಗಲಾಗದಿದ್ದರೆ ಅಲ್ಲಿಂದ ಬೇರೊಬ್ಬರು ಹೋಗಿ ಕೆಲಸ ತುಂಬುತ್ತಾರೆ. ಸದಸ್ಯತ್ವಕ್ಕೆ ಗಡುವಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹೋದರೂ ಬಾಗಿಲು ತೆರೆದಿರುತ್ತದೆ.

ತೊಂದರೆ ಏನು? ಎಲ್ಲ ಕಡೆ ಇಲ್ಲ. ದೂರ ಇದ್ದರೆ ಓಡಾಟದ ಖರ್ಚು ದಿನವೂ ಬೀಳುತ್ತದೆ. ಹಗಲು ಕೆಲಸ ಇರುವವರಿಗೆ ಹೊಂದುವುದಿಲ್ಲ. ನಾನು ಹೇಳಿಕೊಳ್ಳಬೇಕು, ಯಾರಾದರೂ ಕೇಳಬೇಕು ಎನ್ನುವವರಿಗೆ ಸಪ್ಪೆ ಅನಿಸಬಹುದು. ಅಲ್ಲಿ ಮಾತೆಲ್ಲ ಕೆಲಸದ ಮಧ್ಯೆಯೇ. ಇನ್ನೊಂದು, ಕೆಲವು ಡೇ ಕೇರ್ ಕೇಂದ್ರಗಳು ಕ್ಲಬ್‌ಹೌಸ್ ಅಂತ ಬೋರ್ಡ್ ಹಾಕಿಕೊಂಡು ಇಡೀ ದಿನ ಟೀವಿ ಮುಂದೆ ಕೂರಿಸುತ್ತವೆ. ಸಿಬ್ಬಂದಿಯ ಕೋಣೆಗೆ ಸದಸ್ಯರು ಹೋಗಬಹುದಾ ಎಂದು ಕೇಳಿ ನೋಡಿ. ನಿಜವಾದ ಕ್ಲಬ್‌ಹೌಸಿನಲ್ಲಿ ಸಿಬ್ಬಂದಿಗೆ ಮಾತ್ರ ಎನ್ನುವ ಜಾಗ ಇರುವುದಿಲ್ಲ.

ಒಬ್ಬ ಪೀರ್ ವರ್ಕರ್

ಇದು ಒಬ್ಬರಿಗೆ ಒಬ್ಬರು. ತರಬೇತಿ ಪಡೆದ, ಸಂಬಳ ಪಡೆಯುವ, ನಮ್ಮಂತೆಯೇ ಕಾಯಿಲೆ ದಾಟಿ ಬಂದವರು. ವಾರಕ್ಕೊಮ್ಮೆ ಸಿಗುತ್ತಾರೆ. ಬ್ಯಾಂಕಿಗೆ ಹೋಗಲು ಭಯವಾದರೆ ಜೊತೆಗೆ ಬರುತ್ತಾರೆ. ಇದೊಂದು ಉದ್ಯೋಗವಾಗಿ ನೆಲೆಯೂರಿದ್ದು ಇತ್ತೀಚೆಗೆ. ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲಿ ಇವರ ಸೇವೆಗೆ ಸರ್ಕಾರಿ ವಿಮೆಯಿಂದಲೇ ಹಣ ಕೊಡಲು ಶುರು ಮಾಡಿತು.

ಇದರ ಉಪಯೋಗದ ಬಗ್ಗೆ ಪ್ರಯೋಗಗಳೂ ನಡೆದಿವೆ. 2018ರಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ತೀವ್ರ ಸಂಕಟದ ಚಿಕಿತ್ಸೆ ಮುಗಿಸಿ ಬಂದ 441 ಜನರಲ್ಲಿ ಅರ್ಧ ಜನಕ್ಕೆ ಒಂದು ವರ್ಕ್‌ಬುಕ್ ಜೊತೆಗೆ ಪೀರ್ ವರ್ಕರ್‌ನ ಹತ್ತು ಭೇಟಿ ಕೊಟ್ಟರು. ಮಿಕ್ಕವರಿಗೆ ವರ್ಕ್‌ಬುಕ್ ಮಾತ್ರ ಅಂಚೆಯಲ್ಲಿ ಹೋಯಿತು. ವರ್ಷದೊಳಗೆ ಮತ್ತೆ ತುರ್ತು ಚಿಕಿತ್ಸೆಗೆ ಬಂದವರು ಮೊದಲ ಗುಂಪಿನಲ್ಲಿ 29%, ಎರಡನೆಯದರಲ್ಲಿ 38%. ಖುಷಿಯ ಸುದ್ದಿಯೇ. ಆದರೆ 2022ರಲ್ಲಿ ಬಂದ ಇಂಗ್ಲೆಂಡಿನದೇ ಇನ್ನೊಂದು ಅಧ್ಯಯನದಲ್ಲಿ, ವಾರ್ಡಿನಿಂದ ಬಿಡುಗಡೆಯಾದವರಿಗೆ ಪೀರ್ ವರ್ಕರ್ ಕೊಟ್ಟರೂ ಆಸ್ಪತ್ರೆಗೆ ಮರಳುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ "ಇದು ಸೇರಿದರೆ ಆಸ್ಪತ್ರೆ ತಪ್ಪುತ್ತೆ" ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಭರವಸೆ, ಧೈರ್ಯ, "ನನ್ನ ಬದುಕು ನನ್ನ ಕೈಲಿದೆ" ಅನ್ನುವ ಭಾವ, ಇವುಗಳಲ್ಲಿ ಪೀರ್ ಸಪೋರ್ಟ್‌ನ ಪರಿಣಾಮ ಹೆಚ್ಚು ಸಲ ಕಂಡಿದೆ.

ಡಿಸ್ಚಾರ್ಜ್ ಆದ ಮೊದಲ ಕೆಲವು ತಿಂಗಳಿಗೆ, ಗುಂಪೆಂದರೆ ಬೆವರುವವರಿಗೆ, ನಾನು ಇದನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ ಇದೆ. ಅವರು ಆಸ್ಪತ್ರೆಯ ನೌಕರರಾಗಿದ್ದರೆ ನೀವು ಹೇಳಿದ್ದರಲ್ಲಿ ಎಷ್ಟು ಫೈಲಿಗೆ ಹೋಗುತ್ತದೆ ಎಂದು ಮೊದಲ ಭೇಟಿಯಲ್ಲೇ ಕೇಳಿ. ಒಳ್ಳೆಯವರು ಕೇಳುವ ಮೊದಲೇ ಹೇಳುತ್ತಾರೆ. ಅವಧಿ ಮುಗಿದ ಮೇಲೆ ಅವರು ಹೋಗಿಬಿಡುತ್ತಾರೆ ಎನ್ನುವುದನ್ನೂ ಮನಸ್ಸಿಗೆ ತಂದುಕೊಳ್ಳಿ. ಗೆಳೆಯನ ಹಾಗೆ ಇರುತ್ತಾರೆ, ಗೆಳೆಯ ಅಲ್ಲ. ಈ ಗೆರೆ ನೋಯಿಸುತ್ತದೆ. ನನಗೂ ನೋಯಿಸಿದೆ.

ಕಲಿಯಲು ಹೋಗುವ ಜಾಗಗಳು

ರಿಕವರಿ ಕಾಲೇಜು ಎಂಬ ಮಾದರಿ 2009ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ನಿದ್ದೆ, ಆತಂಕ, ಹಣ ನಿಭಾಯಿಸುವುದು, ಇಂಥ ವಿಷಯಗಳನ್ನು ಒಬ್ಬ ವೃತ್ತಿಪರರೂ ಒಬ್ಬ ಅನುಭವಿಯೂ ಜೊತೆಯಾಗಿ ಕಲಿಸುತ್ತಾರೆ. ನೀವು ವಿದ್ಯಾರ್ಥಿ. ಇನ್ನೊಂದು ರ‍್ಯಾಪ್, ಅಂದರೆ ವೆಲ್‌ನೆಸ್ ರಿಕವರಿ ಆಕ್ಷನ್ ಪ್ಲಾನ್, 1997ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೂಪುಗೊಂಡದ್ದು. ದಿನವೂ ಏನು ಮಾಡಿದರೆ ಚೆನ್ನಾಗಿರುತ್ತೇನೆ, ಯಾವುದು ಕೆಣಕುತ್ತದೆ, ಹದಗೆಡುವ ಮುನ್ಸೂಚನೆ ಏನು, ಕೈಮೀರಿದಾಗ ಯಾರು ಏನು ಮಾಡಬೇಕು ಎಂದು ನಿಮ್ಮ ಯೋಜನೆ ನೀವೇ ಬರೆಯುತ್ತೀರಿ. ಕೆಲವೇ ವಾರಗಳ ಕೋರ್ಸು. ಹೇಳಿಕೊಳ್ಳಲು ಇಷ್ಟವಿಲ್ಲದವರಿಗೆ, ವಾರವಾರ ಕಟ್ಟಿಬೀಳಲಾಗದವರಿಗೆ ಒಳ್ಳೆಯದು. ನನ್ನ ಮುನ್ಸೂಚನೆ ಪಟ್ಟಿಯಲ್ಲಿ ಮೊದಲ ಸಾಲು "ರಾತ್ರಿ ಕಪಾಟು ಜೋಡಿಸುವುದು". ಈಗ ಮನೆಯವರು ಕಪಾಟಿನ ಸದ್ದು ಕೇಳಿದರೆ ಎದ್ದು ಬಂದು ಪಕ್ಕ ಕೂರುತ್ತಾರೆ.

ಪೀರ್ ರೆಸ್ಪೈಟ್ ಮನೆ ಅಪರೂಪ. ಮನಸ್ಸು ಹದಗೆಡುತ್ತಿದೆ ಅನಿಸಿದಾಗ ಕೆಲವು ದಿನ ಹೋಗಿ ಇರುವ ಮನೆ, ನಡೆಸುವವರು ಅನುಭವಿಗಳೇ. ಹತ್ತಿರದಲ್ಲಿದ್ದರೆ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಆನ್‌ಲೈನ್ ಮತ್ತು ಫೋನ್

ರಾತ್ರಿ ಎರಡರ ಕಷ್ಟಕ್ಕೆ ಇದೊಂದೇ ತೆರೆದಿರುವುದು. ಓಡಾಟವಿಲ್ಲ, ಮುಖ ತೋರಿಸಬೇಕಿಲ್ಲ, ಹೆಸರು ಬದಲಿಸಬಹುದು. ಚಿಕ್ಕ ಊರಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲ ಕಡೆ ಗುಟ್ಟು ಉಳಿಯುವುದೂ ಇಲ್ಲೇ. ಆದರೆ ಮೆಸೇಜಿಗೆ ಉತ್ತರ ಬರದ ರಾತ್ರಿ, ಮೆಸೇಜ್ ಹಾಕದ ರಾತ್ರಿಗಿಂತ ಕಷ್ಟ. ಸಾವಿನ ಮಾತು ಸರಪಳಿಯಂತೆ ಹಬ್ಬುವುದೂ ಇಂಥ ಕಡೆಯೇ. ಮಾತು ಹಳಿ ತಪ್ಪದಂತೆ ನೋಡಿಕೊಳ್ಳುವ ಮಾಡರೇಟರ್ ಇಲ್ಲದ ಗುಂಪಿಗೆ ಸೇರಬೇಡಿ. ಹೊತ್ತು ನಿಗದಿಯಾಗಿರುವ, ವೀಡಿಯೋದಲ್ಲಿ ಎಂಟು ಹತ್ತು ಜನ ಸೇರುವ ಗುಂಪು, ಸಾವಿರ ಜನರ ಚಾಟ್‌ಗಿಂತ ಎಷ್ಟೋ ಮೇಲು.

ಮನೆಯವರಿಗೆ ಒಂದು ಮಾತು. ನಿಮ್ಮ ಮಗನ ಗುಂಪಿನಲ್ಲಿ ನೀವು ಕೂರಬೇಡಿ. ಅಮ್ಮ ಎದುರಿಗಿದ್ದರೆ ಅವನು ಏನೂ ಹೇಳುವುದಿಲ್ಲ. ನಿಮಗೂ ಬೆಂಬಲ ಬೇಕು, ಅದಕ್ಕೆ ಮನೆಯವರದೇ ಬೇರೆ ಗುಂಪುಗಳಿವೆ. ಅವನನ್ನು ಬಾಗಿಲವರೆಗೆ ಬಿಟ್ಟು, ಮುಗಿದ ಮೇಲೆ "ಏನು ಮಾತಾಡಿದೆ?" ಅಂತ ಕೇಳದಿದ್ದರೆ ಅದೇ ದೊಡ್ಡ ಸಹಾಯ.

ಸೇರುವ ಮುನ್ನ

ಒಂದನ್ನೇ ಆರಿಸಬೇಕೆಂದಿಲ್ಲ. ಡಿಸ್ಚಾರ್ಜ್ ಆದ ಹೊಸತರಲ್ಲಿ ಒಬ್ಬ ಪೀರ್ ವರ್ಕರ್, ಮೈ ಸ್ವಲ್ಪ ಹಗುರಾದ ಮೇಲೆ ಕ್ಲಬ್‌ಹೌಸ್, ಕೆಲಸ ಸಿಕ್ಕ ಮೇಲೆ ಸಂಜೆಯ ಗುಂಪು, ಹೀಗೆ ದಾಟಿಕೊಂಡು ಬಂದವರಿದ್ದಾರೆ. ಮೊದಲ ಎರಡೂ ಸಿಗದ ಕಡೆ ವಾರದ ಗುಂಪು ಮತ್ತು ಒಂದು ಚಿಕ್ಕ ಕೋರ್ಸ್ ಸೇರಿಸಿಕೊಂಡರೆ ಬಹಳಷ್ಟು ನಡೆಯುತ್ತದೆ. ಡಾಕ್ಟರನ್ನು ಬಿಟ್ಟು ಇದಕ್ಕೆ ಹೋಗಬೇಡಿ, ಎರಡೂ ಜೊತೆಗಿರಲಿ. ಸಾಯುವ ಯೋಚನೆ ಗಟ್ಟಿಯಾಗಿದ್ದರೆ ಮುಂದಿನ ವಾರದ ಗುಂಪಿಗೆ ಕಾಯಬೇಡಿ. ಆಗಲೇ ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದವರೊಬ್ಬರನ್ನು ಕರೆದುಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಫೋನಿನಲ್ಲೇ ಕೇಳಿಬಿಡಿ: ನಾನು ಮಾತಾಡದೆ ಕೂರಬಹುದಾ? ಫೋಟೋ ತೆಗೆಯುತ್ತೀರಾ? ಯಾರಿಗಾದರೂ ತೀರಾ ಹುಷಾರಿಲ್ಲದಾದರೆ ಏನು ಮಾಡುತ್ತೀರಿ? ಹಣ ಯಾವಾಗ, ಯಾತಕ್ಕೆ? ಉತ್ತರಕ್ಕಿಂತ ಉತ್ತರಿಸುವ ದನಿ ಜಾಸ್ತಿ ಹೇಳುತ್ತದೆ.

ಮೂರು ಸಲ ಹೋಗಿ ನೋಡಿ. ಮೊದಲ ಸಲ ಎಲ್ಲಿ ಹೋದರೂ ಓಡಿಹೋಗಬೇಕು ಅನಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ಸಲ ಮನೆಗೆ ಬಂದ ಮೇಲೆ ಮೈ ಹೇಗಿದೆ ಎಂದು ಗಮನಿಸಿ. ಹೋಗುವಾಗಿನದಕ್ಕಿಂತ ಭಾರವಾಗಿದ್ದರೆ "ಇನ್ನು ಬರುವುದಿಲ್ಲ, ಥ್ಯಾಂಕ್ಸ್" ಎಂದು ಒಂದು ಮೆಸೇಜ್ ಕಳಿಸಿ. ಕಾರಣ ಹೇಳಬೇಕಿಲ್ಲ. ಬಾಗಿಲ ಪಕ್ಕದ ಕುರ್ಚಿ ಇನ್ನೊಂದು ಕಡೆಯೂ ಇರುತ್ತದೆ. ಹೆಲ್ಮೆಟ್ ತೊಡೆಯ ಮೇಲೇ ಇಟ್ಟುಕೊಂಡು ಕೂತರಾಯಿತು.